ಡ್ರಮ್ಮರ್ ನಾಪತ್ತೆ

ರಾಕ್ ಸಂಗೀತ ಕೇಳುವುದು ಹೇಗೆಂದು ಇಡೀ ವರ್ತೂರಿಗೇ ಕಲಿಸಿಬಿಡುತ್ತೇನೆ ಎಂದು ಕಳೆದ ಭಾನುವಾರ ಪಣ ತೊಟ್ಟೆ! ಗೋಡೆಗೆ ಹೊಸ ಸ್ಪೀಕರುಗಳು ಬಂದಿದ್ದವು. ಮೊದಲ ಶಿಷ್ಯನಾಗಿ ಆಫೀಸಿನ ಹರ್ಷವರ್ಧನನನ್ನು ಊಟಕ್ಕೇ ಕರೆದಿದ್ದೆ.

"ರಾಕ್ ಅಂದ್ರೆ ಬಂಡೆ ಅಲ್ವೇನ್ರೀ? ಮನೇಲಿ ಒಂದು ಇದೆಯಲ್ಲ, ಸಾಲ್ದಾ?" ಎಂದಳು ನನ್ನ ಹೆಂಡತಿ ಶ್ಯಾಮಲಾ.

ಬಂಡೆಯಂತೆ ಅಲುಗದೆ ಉಪನ್ಯಾಸ ಆರಂಭಿಸಿದೆ. ಮದುವೆಯಾದ ಹೊಸತರಲ್ಲಿ ನಾವು ಪೀಣ್ಯದಲ್ಲಿದ್ದೆವು. ಒಂದೇ ಕೋಣೆ, ಒಂದು ಮಂಚ, ಒಂದು ಟೇಪ್‌ರೆಕಾರ್ಡರ್. ನನಗೆ ಸೆಕೆಂಡ್ ಶಿಫ್ಟು, ಬೆಳಗೆಲ್ಲ ಕ್ಯಾಸೆಟ್ಟು. ಒಂದು ಆಲ್ಬಮ್ಮಿನ ಗಾಯಕ ಕಡೇ ಬಸ್ಸು ತಪ್ಪಿದವನಂತೆ ಗೋಳಿಡುತ್ತಿದ್ದ. ಇನ್ನೊಂದರ ಗಿಟಾರು ತಗಡು ಕತ್ತರಿಸಿದಂತೆ ಕಿವಿ ಸೀಳಿ, ಆಮೇಲೆ ಅಮ್ಮನಂತೆ ತಲೆ ಸವರುತ್ತಿತ್ತು. ಆದರೆ ಮುಖಪುಟದಲ್ಲಿ ಒಂಟಿ ಕುದುರೆಯಿದ್ದ ಆಲ್ಬಮ್ಮಿದೆಯಲ್ಲ, ಅದು ಮಹಾಕಾವ್ಯ! ಅದರ ಡ್ರಮ್ಮು ಢಬ್, ಢಬ್ ಎಂದರೆ ಗೂಡಿನ ಸ್ಟೀಲ್ ಲೋಟಗಳೂ ಕುಣಿಯುತ್ತಿದ್ದವು.

"ಕೇಳಯ್ಯ ಈಗ!" ಎಂದು ಮೊಬೈಲಿನಿಂದ ಅದನ್ನೇ ಹಾಕಿದೆ.

ಯಾರೋ ಮಗುವಿನ ಬೆನ್ನು ತಟ್ಟುತ್ತಿರುವಂಥ ಸದ್ದು ಬಂತು. ಹರ್ಷವರ್ಧನ ಆಕಳಿಸಿದ. "ಸಾರ್, ಜೋಗುಳದ ಥರ ಇದೆ."

ನನ್ನ ರಕ್ತ ಕುದಿಯಿತು. ಸ್ಪೀಕರ್ ಜೋಡಿಸಿದ್ದ ಮುರಳಿಯನ್ನು ಹತ್ತಿರದ ಹೂಡಿಯಿಂದ ಕರೆಸಿದೆ. ಪಾಪ, ಅವನು ವೈರು ಬದಲಿಸಿದ, ಸೋಫಾ ಸರಿಸಿದ, ಗೋಡೆಗೆ ಹೊಸ ತೂತು ಕೊರೆದ. "ಜೋರು ಮಾಡು!" ಎಂದೆ. ಮಾಡಿದ. ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋ ಕೆಳಗೆ ಬಿತ್ತು. ಸೆಕ್ಯುರಿಟಿಯವನು ಮೇಲೆ ಬಂದ. ಡ್ರಮ್ಮು ಮಾತ್ರ ಬರಲಿಲ್ಲ.

"ಸಾರ್, ಹಾಡಲ್ಲೇ ಇಲ್ದಿದ್ರೆ ನಾನೆಲ್ಲಿಂದ ತರ್ಲಿ?" ಎಂದ ಮುರಳಿ.

"ನನ್ನ ಕಿವೀನೇ ಅನುಮಾನಿಸ್ತೀಯಾ? ವರ್ಷಗಟ್ಟಲೆ ಕೇಳಿದೀನಿ ಕಣೋ!"

ಒಡೆದ ಗಾಜು ಗುಡಿಸುತ್ತಿದ್ದ ಶ್ಯಾಮಲಾ ಪೊರಕೆ ಸಮೇತ ಎದ್ದು ನಿಂತಳು.

"ರೀ, ಅದು ನಮ್ಮ ಪೀಣ್ಯದ ಮನೆ ಓನರ್ ದೊಡ್ಡಮುನಿಯಪ್ಪನವರ ಶೆಡ್ಡಿನ ಪ್ರೆಸ್ ಮಿಷನ್ನು ಕಣ್ರೀ!"

"ಏನು?"

"ಗೋಡೆ ಆಚೆಗೇ ಇತ್ತಲ್ಲ! ದಿನಾ ಬೆಳಗಿಂದ ತಗಡು ಗುದ್ದೋದು. ಊಟದ ಬೆಲ್ ಹೊಡೆದ್ರೆ ನಿಲ್ತಿತ್ತು. ಆಗ ನೀವು ಕಣ್ಮುಚ್ಚಿ, 'ಆಹಾ, ಎಂಥಾ ಮೌನ ನೋಡು' ಅಂತಿದ್ರಿ."

"ಮತ್ತೆ ಆವಾಗ್ಲೇ ಹೇಳೋದಲ್ವಾ?"

"ಹೇಗೆ ಹೇಳ್ಲಿ? ಹೊಸಾ ಗಂಡ. ಅಷ್ಟು ಖುಷಿಯಾಗಿ ಮಂಚ ಬಡೀತಾ ಕೂತಿರ್ತಿದ್ರಿ. ನಾನೂ ಜೊತೆಗೆ ತಲೆ ಆಡಿಸ್ತಿದ್ದೆ."

ನಾನು ಸೋಫಾದಲ್ಲಿ ಕುಸಿದೆ. ಡ್ರಮ್ಮರ್ ಹೋದನೆಂಬ ದುಃಖಕ್ಕಿಂತ ಆ ಕೋಣೆಯ ನೆನಪೇ ಹೆಚ್ಚು ಕಾಡಿತು. ಶ್ಯಾಮಲಾ ನನ್ನ ಮುಖ ನೋಡಿದಳು. ಬಾಲ್ಕನಿಗೆ ಹೋಗಿ, ನೆನೆಸಿಟ್ಟಿದ್ದ ಎರಡು ದಪ್ಪ ರಗ್ಗುಗಳನ್ನು ವಾಷಿಂಗ್ ಮೆಷಿನ್ನಿಗೆ ತುರುಕಿ ಹಿಂಡುವ ಗುಂಡಿ ಒತ್ತಿದಳು. ಒಂದೇ ಕಡೆ ಭಾರವಾಗಿ ಮೆಷಿನ್ನು ಗೋಡೆಗೆ ಗುದ್ದತೊಡಗಿತು. ಢಬ್! ಢಬ್! ಢಬ್!

"ಈಗ ಹಾಕಿ ನಿಮ್ಮ ಕುದುರೆ."

ಹಾಕಿದೆ. ಹರ್ಷವರ್ಧನ ಎದ್ದು ಕುಳಿತ. "ಸಕ್ಕತ್ ಸಾರ್! ಯಾರು ಸಾರ್ ಈ ಡ್ರಮ್ಮರ್ರು?"

ನಾನು ಬಾಯಿ ತೆರೆಯುವ ಮೊದಲೇ ಶ್ಯಾಮಲಾ ಉತ್ತರಿಸಿದಳು: "ಅವನ ಹೆಸರು ಕೇಳ್ಬೇಡಪ್ಪ. ರಗ್ಗು ಒಣಗಿಸೋರ ಹೆಸರು ಬೇಕಾದ್ರೆ ಹೇಳ್ತೀನಿ, ಇಲ್ಲೇ ಕೂತಿದಾರೆ!"