ನೆಲಮಾಳಿಗೆಯ ಇಲಿಗೆ ಶಿಕ್ಷೆ

ಧೂಳಣ್ಣ ಇಟ್ಟ ಬೋನಿಗೆ ಆ ದಿನ ಬೆಳಿಗ್ಗೆ ಇಲಿ ಬಿತ್ತು. ಬೀಳದೇ ಹೋಗಿದ್ದರೆ ಅವನು ಸಂಜೆಯ ಹೊತ್ತಿಗೆ ಸುಖವಾಗಿರುತ್ತಿದ್ದ.

ಧೂಳಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಹದಿನೆಂಟು ವರ್ಷದಿಂದ ಹಳೆಯ ಕಡತಗಳನ್ನು ಕಾಯುತ್ತಿದ್ದ ಅವನು ಮೇಲೆ ಬಂದಾಗಲೆಲ್ಲ ಯಾರಾದರೊಬ್ಬರು ಸೀನುತ್ತಿದ್ದರು. ಹಾಗೆ ಬಂದ ಹೆಸರು. ಈಗ ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜೊಂದು ಖಾಲಿಯಾಗಿತ್ತು. ಅವನನ್ನು ಅಲ್ಲಿಗೆ ಹಾಕುವ ಆದೇಶ ಟೈಪಾಗಿ ಸಾಹೇಬರ ಮುಂದೆ ಕೂತಿತ್ತು. ಸಹಿಯೊಂದು ಬಾಕಿ.

"ಕಡತ ತಿನ್ನೋ ಇಲಿ ವಿಷಯ ಮುಗಿಸ್ರೀ, ಅವತ್ತೇ ಸಹಿ ಹಾಕ್ತೀನಿ" ಎಂದಿದ್ದರು ಸಾಹೇಬರು.

ಧೂಳಣ್ಣ ಬೋನನ್ನು ಎತ್ತಿಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ. ಇಲಿ ಸಣ್ಣದು, ಒಂದು ಕಿವಿ ಅರ್ಧವೇ ಇತ್ತು. ಅದು ಕಂಬಿ ಹಿಡಿದುಕೊಂಡು ಎಲ್ಲರನ್ನೂ ನೋಡಿತು.

"ಸಾರ್, ಸಿಕ್ತು! ಏನ್ ಮಾಡ್ಲಿ?"

ಹಾಗೆ ಕೇಳಿದ್ದೇ ತಪ್ಪು. ಆ ಕಚೇರಿಯಲ್ಲಿ ಕೇಳಿದ ಮೇಲೆ ಕಡತವಿಲ್ಲದೆ ಉತ್ತರವಿಲ್ಲ. ಒಡೆದ ಲೋಟ ಎಸೆಯುವುದಕ್ಕೂ ಟಿಪ್ಪಣಿ ಬರೆದು, ಎಲ್ಲರ ಅಭಿಪ್ರಾಯ ಪಡೆದು, ಸಾಹೇಬರ ಒಪ್ಪಿಗೆ ತರಬೇಕು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಒಂದು ಟಿಪ್ಪಣಿ ಹಾಕ್ರಿ, ಅಭಿಪ್ರಾಯ ತಗೊಳ್ಳಿ. ಆಮೇಲೆ ನೋಡೋಣ" ಎಂದರು. ಹತ್ತೂಕಾಲಿಗೆ ಇಲಿಯ ಹೆಸರಲ್ಲಿ ಹೊಸ ಕಡತ ತೆರೆಯಿತು.

"ಇದರಲ್ಲಿ ಅಭಿಪ್ರಾಯ ಏನ್ ಬಂತು? ಮುಗಿಸಿಬಿಡೋದು!" ಎಂದರು ಹೆಡ್ ಗುಮಾಸ್ತರು. ಅವರು ಹುಟ್ಟುತ್ತಲೇ ಮೇಜು ಗುದ್ದಿದವರು. "ಹನ್ನೆರಡು ಕಡತ ತಿಂದಿದೆ ಕಣ್ರೀ ಪಾಪಿ. ಮರಣದಂಡನೆ ಅಂದ್ರೆ ಉಳಿದವಕ್ಕೂ ಭಯ ಇರತ್ತೆ."

"ಉಳಿದವಕ್ಕೆ ಯಾರು ತಿಳಿಸ್ತಾರೆ? ನೋಟೀಸ್ ಟೈಪ್ ಮಾಡ್ಕೊಡ್ಲಾ?" ಎಂದರು ಟೈಪಿಸ್ಟಮ್ಮ. ಕಚೇರಿಯಲ್ಲಿ ಅವರಿಗೆ ಮಾತ್ರ ಹೆಡ್ ಗುಮಾಸ್ತರ ಭಯವಿರಲಿಲ್ಲ. "ಜೀವ ಕೊಡೋಕೆ ಆಗದವರು ತೆಗೆಯೋಕೆ ಯಾರ್ರೀ? ಬೋನಲ್ಲೇ ಇರ್ಲಿ, ಜೀವಾವಧಿ."

"ಓಹೋ, ಕೂರಿಸಿ ಊಟ ಹಾಕ್ಬೇಕೋ?"

"ತಿಂದದ್ದು ಇದೇ ಇಲಿ ಅಂತ ಏನ್ ಸಾಕ್ಷಿ? ನಾಳೆ ಬೇರೆ ಇಲಿ ಅಂತ ಗೊತ್ತಾದ್ರೆ, ಹೋದ ಜೀವ ವಾಪಸ್ ತರ್ತೀರಾ? ಬೋನಲ್ಲಿದ್ರೆ ಬಾಗಿಲಾದ್ರೂ ತೆಗೀಬಹುದು."

"ಕೊನೆತನಕ ಕಂಬಿ ಹಿಂದೆ ಕೊಳೆಸೋದು ಯಾವ ಸೀಮೆ ದಯೆ ತಾಯಿ? ಅದಕ್ಕಿಂತ ಒಂದೇ ಏಟಿಗೆ ಹೋಗೋದು ಮೇಲಲ್ವಾ?"

ಕಚೇರಿ ಎರಡು ಪಕ್ಷವಾಯಿತು. ನಲ್ಲಿಯಲ್ಲಿ ನೀರಿಲ್ಲವೆಂದು ದೂರು ಕೊಡಲು ಬಂದ ಮುದುಕರೊಬ್ಬರು ದೂರು ಮರೆತು, ಕುರ್ಚಿ ಎಳೆದುಕೊಂಡು ಜೀವಾವಧಿಯ ಕಡೆ ಕೂತರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿ ಆರಾಮವಾಗಿ ಮೀಸೆ ಒರೆಸಿಕೊಳ್ಳುತ್ತಿತ್ತು, ಪ್ರಾಣಸಂಕಟವೆಲ್ಲ ಧೂಳಣ್ಣನದು.

ಮಧ್ಯಾಹ್ನದ ಹೊತ್ತಿಗೆ ಅಭಿಪ್ರಾಯದ ಹಾಳೆ ಎಲ್ಲ ಮೇಜು ಸುತ್ತಿತು. ಐದು ಸಹಿ ಸಾವಿಗೆ, ಐದು ಜೀವಾವಧಿಗೆ. ಹನ್ನೊಂದನೆಯದು ಧೂಳಣ್ಣನದು.

ಅವನು ಜನ್ಮದಲ್ಲಿ ಸೊಳ್ಳೆಯನ್ನೂ ಹೊಡೆದವನಲ್ಲ, ಕೈಬೀಸಿ ಕಳಿಸಿಕೊಡುತ್ತಿದ್ದವನು. ಕೈ ತಾನಾಗಿಯೇ ಜೀವಾವಧಿಯ ಕಡೆ ಹೋಯಿತು. ಅಷ್ಟರಲ್ಲಿ ಹೆಡ್ ಗುಮಾಸ್ತರು ಕಿವಿಯ ಹತ್ತಿರ ಬಗ್ಗಿ, "ಬದುಕಿದ್ರೆ ದಿನಾ ಊಟ, ನೀರು, ಬೋನು ತೊಳೆಯೋದು. ನೆಲಮಾಳಿಗೆ ಇಲಿ ನೋಡ್ಕೊಳ್ಳೋಕೆ ನೆಲಮಾಳಿಗೆಯವನೇ ಬೇಕಲ್ಲಪ್ಪಾ. ಮೇಲಿನ ಮೇಜು ಮರೆತುಬಿಡು" ಎಂದರು.

ಧೂಳಣ್ಣನ ಕಣ್ಣಿಗೆ ಕಿಟಕಿ ಕಂಡಿತು. ಕಿಟಕಿಯ ಆಚೆಗಿನ ಮರವೂ ಕಂಡಿತು. ಅವನು ಕಣ್ಣು ಮುಚ್ಚಿಕೊಂಡು ಸಾವಿಗೆ ಸಹಿ ಹಾಕಿದ.

ಸಾಹೇಬರು ಬರೆದರು: "ಬಹುಮತ ಒಪ್ಪಿದೆ. ನೆಲಮಾಳಿಗೆಯ ಕಡತ ಕಾಯುವವರೇ ನೀರಿನಲ್ಲಿ ಮುಳುಗಿಸಿ, ಮೂರು ಗಂಟೆಯೊಳಗೆ ವರದಿ ಸಲ್ಲಿಸುವುದು."

ಹಿತ್ತಲಿನಲ್ಲಿ ಧೂಳಣ್ಣ ನಲ್ಲಿಯ ಕೆಳಗೆ ಬಕೆಟ್ ಇಟ್ಟ. ನೀರು ಸರಬರಾಜು ಕಚೇರಿಯಾದ್ದರಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಬಕೆಟ್ ತುಂಬುವತನಕ ಕಾಯಬೇಕು. ಕಾಯುತ್ತಾ ಕೂತವನಿಗೆ ತಾನು ಊಟ ಮಾಡಿಲ್ಲವೆಂದು ನೆನಪಾಗಿ ಬುತ್ತಿಯ ಬ್ರೆಡ್ಡು ತೆಗೆದ. ಇಲಿ ನೋಡಿತು. ಸಾಯುವವರಿಗೆ ಕೊನೆಯ ಆಸೆ ಕೇಳುತ್ತಾರಲ್ಲ ಎಂದು ಒಂದು ಚೂರು ಒಳಗೆ ಹಾಕಿದ. ಅದು ಎರಡೂ ಕೈಯಲ್ಲಿ ಹಿಡಿದು ತಿಂದಿತು. ಅವನ ಚಿಕ್ಕ ಮಗಳು ತಿನ್ನುವುದೂ ಹಾಗೆಯೇ.

ಬಕೆಟ್ ಕಾಲುಭಾಗ ತುಂಬುವಷ್ಟರಲ್ಲಿ ಇಬ್ಬರಿಗೂ ಸ್ನೇಹವಾಗಿತ್ತು. ಧೂಳಣ್ಣ ಅತ್ತಿತ್ತ ನೋಡಿ, ಹಿಂದಿನ ಗೋಡೆಯಾಚೆ ಪೊದೆಯ ಬಳಿ ಬೋನಿನ ಬಾಗಿಲು ತೆಗೆದ. "ಹೋಗೇ ತಾಯಿ. ಈ ಕಡೆ ತಲೆ ಹಾಕ್ಬೇಡ" ಎಂದ. ಆಮೇಲೆ ಬಂದು, ಆದೇಶದಂತೆ ಮುಳುಗಿಸಿ ಹೂಳಲಾಗಿದೆ ಎಂದು ವರದಿ ಬರೆದು ಸಹಿ ಮಾಡಿದ.

ಮೇಲೆ ಬಂದರೆ ಯಾರೂ ಅವನ ಮುಖ ನೋಡಲಿಲ್ಲ. ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು. ಹೆಡ್ ಗುಮಾಸ್ತರು ಕೂಡ ಕುರ್ಚಿಯನ್ನು ಒಂದು ಮೊಳ ಆಚೆ ಎಳೆದುಕೊಂಡು, "ಹೇಗ್ರೀ ಮನಸ್ಸು ಬಂತು ನಿಮಗೆ?" ಎಂದರು. ಧೂಳಣ್ಣ ಎಲ್ಲವನ್ನೂ ನುಂಗಿಕೊಂಡ. ಒಳಗೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಇನ್ನೊಂದು ಸಹಿಯಷ್ಟೇ.

ಆಗ, ಯಾವುದೋ ಕಡತಕ್ಕೆಂದು ಕೆಳಗೆ ಹೋಗಿದ್ದ ಹೆಡ್ ಗುಮಾಸ್ತರು ಬಿಳಿಚಿಕೊಂಡು ಮೇಲೆ ಬಂದರು. ಕೈಯಲ್ಲಿದ್ದ ಕಡತದ ಮೂಲೆ ಹೊಸದಾಗಿ ಚೂರುಚೂರಾಗಿತ್ತು.

"ಸಾರ್, ಇದನ್ನ ಹನ್ನೊಂದಕ್ಕೆ ನಾನೇ ಇಟ್ಟು ಬಂದಿದ್ದೆ, ಸರಿಯಾಗಿತ್ತು. ಆಗ ಇಲಿ ಬೋನಲ್ಲಿತ್ತು. ಆಮೇಲೆ ಸತ್ತೇ ಹೋಯ್ತು. ಹಾಗಾದ್ರೆ ತಿಂದಿದ್ದು..."

"ಬೇರೆ ಇಲಿ!" ಟೈಪಿಸ್ಟಮ್ಮ ಎದ್ದು ನಿಂತರು. "ನಾನ್ ಬಡ್ಕೊಂಡೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ. ನಿರಪರಾಧಿ ಜೀವ ಹೋಯ್ತಲ್ರೀ!"

ದೂರಿನ ಮುದುಕರು ಟೋಪಿ ತೆಗೆದರು. ಹೆಡ್ ಗುಮಾಸ್ತರು ಮೊಟ್ಟಮೊದಲ ಸಲ ಮೇಜು ಗುದ್ದದೆ, ಅದರ ಮೇಲೆ ತಲೆಯಿಟ್ಟರು. ಅವರ ಭುಜ ನಡುಗುವುದನ್ನು ಧೂಳಣ್ಣನಿಗೆ ನೋಡಲಾಗಲಿಲ್ಲ.

"ಅಳಬೇಡಿ ಸಾರ್! ಅದು ಸತ್ತಿಲ್ಲ! ನಾನೇ ಬಿಟ್ಟುಬಿಟ್ಟೆ!"

ಕಚೇರಿಯೇ ಕುಣಿಯಿತು. ಟೈಪಿಸ್ಟಮ್ಮ ಕೈಮುಗಿದರು, ಹೆಡ್ ಗುಮಾಸ್ತರು ಅವನನ್ನು ಅಪ್ಪಿಕೊಂಡು ಸೀನಿದರು. ಹದಿನೆಂಟು ವರ್ಷದಲ್ಲಿ ಧೂಳಣ್ಣನಿಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಅದು ಅರ್ಧ ನಿಮಿಷ ಇತ್ತು.

"ಹಾಗಾದ್ರೆ ಇದೇನ್ರೀ?" ಸಾಹೇಬರು ಬಾಗಿಲಲ್ಲಿ ವರದಿ ಹಿಡಿದು ನಿಂತಿದ್ದರು. "ಮುಳುಗಿಸಿ ಹೂಳಲಾಗಿದೆ, ಸಹಿ ಬೇರೆ. ಸುಳ್ಳು ವರದಿ! ಕೆಲಸದಿಂದ ತೆಗೆಯೋ ಅಪರಾಧ ಇದು. ಟಿಪ್ಪಣಿ ಹಾಕ್ರಿ, ಅಭಿಪ್ರಾಯ ತಗೊಳ್ಳಿ."

"ನಿಯಮ ಅಂದ್ರೆ ನಿಯಮ. ತೆಗೆಯೋದೇ" ಎಂದರು ಹೆಡ್ ಗುಮಾಸ್ತರು. ಅಪ್ಪಿಕೊಂಡಿದ್ದ ಕೈ ಇನ್ನೂ ಅವನ ಹೆಗಲ ಮೇಲಿತ್ತು.

ಟೈಪಿಸ್ಟಮ್ಮ ಸಿಡಿದೆದ್ದರು. "ಇಷ್ಟು ಬೇಗ ಮರೆತ್ರಾ? ತೆಗೆದುಬಿಟ್ರೆ ಮತ್ತೆ ಸರಿ ಮಾಡೋಕಾಗತ್ತಾ? ಮಕ್ಕಳೊಂದಿಗ ಪಾಪ. ಜೀವಾವಧಿ ಸಾಕು!"

ಹಾಳೆ ಮತ್ತೆ ಎಲ್ಲ ಮೇಜು ಸುತ್ತಿತು. ಈ ಸಲ ಹೆಡ್ ಗುಮಾಸ್ತರೂ ಸೇರಿ ಜೀವಾವಧಿಗೆ ಒಮ್ಮತ. ಧೂಳಣ್ಣನೂ, ಬದುಕಿದೆಯಾ ಬಡಜೀವವೇ ಎಂದುಕೊಂಡು, ಜೀವಾವಧಿಗೇ ಸಹಿ ಹಾಕಿದ. ಸಾಹೇಬರು ಕಿಟಕಿ ಮೇಜಿನ ಆದೇಶ ಹರಿದುಹಾಕಿ, "ನಿವೃತ್ತಿಯವರೆಗೆ ನೆಲಮಾಳಿಗೆ" ಎಂದು ಹೊಸದು ಬರೆದರು. ಟೈಪಿಸ್ಟಮ್ಮ ಅದನ್ನು ಸಂತೋಷದಿಂದ ಟೈಪ್ ಮಾಡಿಕೊಟ್ಟು, "ಉಳಿಸಿಕೊಂಡೆ ನಿಮ್ಮನ್ನ" ಎಂದರು.

ಚೀಲ ತರಲು ಧೂಳಣ್ಣ ಕೆಳಗಿಳಿದ. ಮೇಜಿನ ಮೇಲೆ ಅರ್ಧ ಕಿವಿಯ ಇಲಿ ಕೂತಿತ್ತು. ಗೋಡೆಯಾಚೆಯಿಂದ ಅವನಿಗಿಂತ ಮೊದಲೇ ಬಂದು ತಲುಪಿತ್ತು. ಕಪಾಟಿನ ಹಿಂದಿನಿಂದ ಒಂದಾದ ಮೇಲೊಂದು ಬೆಳೆದ ಮರಿಗಳು ಬಂದವು, ಏಳು. ಎಲ್ಲವುಗಳ ಬಾಯಲ್ಲೂ ಕಾಗದ.

ಫೋನು ಬಂತು. ಹೆಂಡತಿ.

"ರೀ, ಆರ್ಡರ್ ಆಯ್ತಾ?"

"ಆಯ್ತು ಕಣೇ. ಇನ್ಮೇಲೆ ಎಲ್ಲಿಗೂ ಹಾಕಲ್ಲ."

"ಅಬ್ಬಾ! ಆ ಕತ್ತಲೆಯಲ್ಲಿ ಒಂಟಿಯಾಗಿ ಕೂರೋದು ತಪ್ತಲ್ಲ."

ಧೂಳಣ್ಣ ಬುತ್ತಿಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಎಂಟು ಚೂರು ಮಾಡತೊಡಗಿದ.

"ತಪ್ತು ಕಣೇ" ಎಂದ.