ಸೊನ್ನೆ ತೂಗಿದ ಲಾರಿ

ತಪ್ಪು ಮಾಡಿ ಸಿಕ್ಕಿಬಿದ್ದಾಗ ಕೆಲವರು ವಾದ ಮಾಡುತ್ತಾರೆ, ಕೆಲವರು ಅಳುತ್ತಾರೆ. ನಾನು ಟೀ ಕೇಳುತ್ತೇನೆ. ಹಾಲು ಉಕ್ಕಿಸಿರಲಿ, ಹೆಂಡತಿಯನ್ನು ಅವಳ ಚಿಕ್ಕಪ್ಪನ ಮಗಳ ಮದುವೆಗೆ ಅದು ಮುಗಿದ ಮರುದಿನ ಕರೆದುಕೊಂಡು ಹೋಗಿರಲಿ, ಏನೂ ಆಗಿಲ್ಲವೆಂಬಂತೆ ಟೀ ಕೇಳಿದರೆ ಬದುಕು ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ನಂಬಿದವನು ನಾನು. ಇದೇ ಬುದ್ಧಿಯನ್ನು ಒಂದು ಯಂತ್ರಕ್ಕೂ ಕಲಿಸಿದ್ದೆ.

ಅದಿರಿನ ಲಾರಿಗಳು ರಸ್ತೆಬದಿಯ ಬೇವಿನ ಮರಗಳನ್ನೂ ಕೆಂಪು ಮಾಡಿದ್ದ ಕಾಲ. ನಾನು ಹೊಸಪೇಟೆಯಲ್ಲಿ ಕೂತು, ವೇಬ್ರಿಜ್‌ನಲ್ಲಿ ಲಾರಿಯ ತೂಕ ತೋರಿಸುವ ಡಬ್ಬಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಡಬ್ಬಿಯೊಳಗಿನ ಪ್ರೊಸೆಸರ್ ಹೇಳಿದ್ದಷ್ಟೇ ಮಾಡುವ ಜೀವ. ಇಲ್ಲದ ಮನೆಯ ವಿಳಾಸ ಕೊಟ್ಟರೆ ದಿಕ್ಕೆಟ್ಟು ನಿಲ್ಲುತ್ತದೆ. ಹಾಗೆ ನಿಂತಾಗ, ನಮ್ಮ ಕಸುಬಿನ ಮಾತಿನಲ್ಲಿ ಬಿದ್ದಾಗ, ಏನು ಮಾಡಬೇಕೆಂದು ಮೊದಲೇ ಬರೆದಿಡಬೇಕು. ನಾನು ಬರೆದದ್ದು ಒಂದೇ ಸಾಲು: ಸುಮ್ಮನೆ ಮೊದಲಿನಿಂದ ಶುರು ಮಾಡು. ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲವೆಂಬ ಹೆಮ್ಮೆ ಬೇರೆ.

ತಿಳಿಯಿತು. ಸಂಡೂರು ದಾರಿಯ ವೇಬ್ರಿಜ್ ನೋಡಿಕೊಳ್ಳುವ ಎರ್ರಿಸ್ವಾಮಿ ಫೋನ್ ಮಾಡಿ, ಅದಿರು ತುಂಬಿದ ಲಾರಿ ಸೊನ್ನೆ ತೂಗುತ್ತಿದೆ ಎಂದ. ಬಿದ್ದ ಡಬ್ಬಿ ಎದ್ದ ಕೂಡಲೇ ವೇಬ್ರಿಜ್ ಮೇಲೆ ಏನಿದ್ದರೂ ಅದನ್ನು ಖಾಲಿ, ಅಂದರೆ ಸೊನ್ನೆ, ಎಂದು ತಿಳಿಯಲಿ ಎಂದು ಬರೆದವನೂ ನಾನೇ. ಹೋಗಿ ನೋಡಿದರೆ ಲಾರಿಗಳ ಸಾಲು ತಿರುವು ದಾಟಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ಡಬ್ಬಿಯ ಜೊತೆ ನನ್ನನ್ನೂ ಮನೆಗೆ ಕಳಿಸುವುದಾಗಿ ನಮ್ಮ ಮಾಲೀಕರು ಹೇಳಿದ್ದರು. ಡಬ್ಬಿಯಲ್ಲಿ ಹುಡುಕಿದರೆ ಬಿದ್ದ ಗುರುತೇ ಇಲ್ಲ. ಯಾಕೆ ಬಿದ್ದೆಯೋ ಎಂದರೆ ಮುಖ ತೊಳೆದುಕೊಂಡು ಕೂತಿತ್ತು. ಅದರ ತಲೆಯ ಮೇಲೆ ಎರ್ರಿಸ್ವಾಮಿ ಒಂದು ನಿಂಬೆಹಣ್ಣು ಇಟ್ಟಿದ್ದ.

“ಹುಲಿಗೆಮ್ಮ ಬಂದ್ರ ಬೀಳ್ತೈತ್ರಿ ಸರ. ಮಾರುತಿ ಬಂದ್ರ ಏನೂ ಆಗಂಗಿಲ್ಲ,” ಎಂದು ಅವನು ಗೋಡೆ ತೋರಿಸಿದ. ಡಬ್ಬಿ ಬಿದ್ದಾಗಲೆಲ್ಲ ಆಗ ನಿಂತಿದ್ದ ಲಾರಿಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಲಾರಿ ನಂಬರಿನ ಜಾಗದಲ್ಲಿ ಏನು ಒತ್ತುತ್ತೀಯ ಎಂದು ಕೇಳಿದೆ.

“ಧೂಳಾಗ ನಂಬರ್ ಎಲ್ಲಿ ಕಾಣ್ತೈತ್ರಿ? ಲಾರಿ ಹಣಿ ಮ್ಯಾಲಿನ ಹೆಸರು ಹೊಡಿತೀನಿ.”

ನಂಬರಿಗೆ ಸಾಕೆಂದು ನಾನು ಇಟ್ಟದ್ದು ಹತ್ತು ಅಕ್ಷರದ ಜಾಗ. ಮಾರುತಿ ಆರಾಮಾಗಿ ಕೂರುತ್ತಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಸಮೇತ ಬಂದ ಹುಲಿಗೆಮ್ಮ ಹಿಡಿಸದೆ, ಪ್ರೊಸೆಸರ್ ವಾಪಸು ಹೋಗುವ ದಾರಿಯನ್ನು ಬರೆದುಕೊಂಡಿದ್ದ ಪಕ್ಕದ ಜಾಗಕ್ಕೆ ಚೆಲ್ಲುತ್ತಿದ್ದಳು. ದಾರಿ ಅಳಿಸಿಹೋದ ಪ್ರೊಸೆಸರ್ ಇಲ್ಲದ ಮನೆಗೆ ಹೊರಟು ಬೀಳುತ್ತಿತ್ತು. ಪರೀಕ್ಷೆಗೆಂದು ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ ನನ್ನದೇ ಹೆಸರು ಒತ್ತಿದೆ. ಡಬ್ಬಿ ದೊಪ್ಪನೆ ಬಿತ್ತು. ನಾನು ಬರೆದದ್ದು ಕೆಟ್ಟುಹೋದದ್ದನ್ನು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಸಂಜೆಗೆ ಮೊದಲೇ ಹುಲಿಗೆಮ್ಮನಿಗೆ ಜಾಗ ದೊಡ್ಡದಾಯಿತು. ಏಳುವ ಮುಂಚೆ ಎಲ್ಲಿ, ಯಾಕೆ ಬಿದ್ದೆ ಎಂದು ಬರೆದಿಡಲು, ಎದ್ದ ಮೇಲೆ ವೇಬ್ರಿಜ್ ಖಾಲಿ ಇದ್ದಾಗಿನ ಹಳೆಯ ಸೊನ್ನೆಯನ್ನೇ ನೆನೆಯಲು ಡಬ್ಬಿಗೆ ಕಲಿಸಿದೆ. ಲಾರಿಗಳು ಕದಲಿದವು, ನನ್ನ ಕೆಲಸ ಉಳಿಯಿತು. ನಿಂಬೆಹಣ್ಣನ್ನು ಮಾತ್ರ ಎರ್ರಿಸ್ವಾಮಿ ತೆಗೆಯಲು ಬಿಡಲಿಲ್ಲ.

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಈ ಸಾಹಸವನ್ನೆಲ್ಲ ವರ್ಣಿಸಿದೆ. ಅವಳು ಕೊನೆಯವರೆಗೂ ಕೇಳಿ, “ಯಾಕ ಬಿದ್ದೆ ಅಂತ ಹೇಳೂದು ಡಬ್ಬಿ ಕಲೀತು, ಬಿಡ್ರಿ. ನಮ್ಮ ಚಿಕ್ಕಪ್ಪನ ಮಗಳ ಮದುವಿ ಯಾಕ ತಪ್ಪಿಸಿದ್ರಿ, ಅದನ್ನ ಇವತ್ತರ ಹೇಳ್ರಿ,” ಎಂದಳು.

ನಾನು ಒಂದು ಕ್ಷಣ ದಿಕ್ಕೆಟ್ಟು ನಿಂತೆ. ಆಮೇಲೆ, ಟೀ ಐತೇನು ಎಂದೆ.