ಒಮ್ಮೆಯೂ ತೊಯ್ಯದ ಮಳೆಮಾಪಕದವರಿಗೆ

ಮಾನ್ಯ ಮಳೆಮಾಪಕದವರೇ,

ತಗ್ಗಿನ ಬೀದಿಯ ದರ್ಜಿಯಾದ ನಾನು, ನನ್ನ ಅತ್ತೆಯವರ ಪರವಾಗಿ, ಎದುರಂಗಡಿಯ ಕ್ಷೌರಿಕರ ಪರವಾಗಿ ಹಾಗೂ ಇನ್ನೂ ಒಣಗದ ನಮ್ಮ ಹಾಸಿಗೆಗಳ ಪರವಾಗಿ ತಮಗೆ ಸವಿನಯ ನಮಸ್ಕಾರಗಳನ್ನು ಅರ್ಪಿಸುತ್ತೇನೆ. ತಾವು ಕ್ಷೇಮವೇ ಎಂದು ಕೇಳಿದರೆ ಅಧಿಕಪ್ರಸಂಗವಾದೀತು. ತಲೆಯ ಮೇಲೆ ತಗಡಿನ ಚಾವಣಿ, ಸುತ್ತಲೂ ಪ್ಲಾಸ್ಟಿಕ್ ಪರದೆ, ಕಾಲಡಿಗೆ ಸಿಮೆಂಟಿನ ಕಟ್ಟೆ. ಈ ಊರಿನಲ್ಲಿ ಅಷ್ಟು ಬೆಚ್ಚಗಿರುವವರು ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ಆ ಚಾವಣಿ ಬಂದ ಬಗೆಯನ್ನು ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ತಾವು ಹವಾಮಾನ ಕಚೇರಿಯ ಅಂಗಳಕ್ಕೆ ಹೊಸದಾಗಿ ಬಂದಿಳಿದಾಗ, ಕೂರುವ ಕುರ್ಚಿಗೆ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕನ್ನು ಇಂದಿಗೂ ಬಿಚ್ಚದಷ್ಟು ಜೋಪಾನದ ಮನುಷ್ಯರಾದ ಅಲ್ಲಿನ ಅಧಿಕಾರಿಗಳು, ಇಷ್ಟು ಬೆಲೆಬಾಳುವ ಯಂತ್ರ ಮಳೆಯಲ್ಲಿ ನೆನೆದು ಕೆಟ್ಟರೆ ಮೇಲಿನವರಿಗೆ ಏನು ಉತ್ತರ ಕೊಡುವುದೆಂದು ಹೆದರಿ, ಮೊದಲ ಮೋಡ ಕಾಣುವುದರೊಳಗೆ ತಮಗೆ ತಗಡು ಹೊದಿಸಿಬಿಟ್ಟರು. ಅಂದಿನಿಂದ ತಾವು ಒಂದು ದಿನವೂ ತಪ್ಪದೆ ಸೊನ್ನೆ ತೋರಿಸುತ್ತಾ ಬಂದಿದ್ದೀರಿ. ಸುದ್ದಿ ಕೇಳಿದ ಅತ್ತೆಯವರು, "ಅಲ್ಲಮ್ಮಾ, ಮಳೆ ಅಳೆಯೋ ಯಂತ್ರಕ್ಕೇ ಕೊಡೆ ಹಿಡಿದ್ರಾ?" ಎಂದು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ವಯಸ್ಸಾದವರು, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕಚೇರಿಯವರು ಈಚೆಗೆ ಹೊಳಪು ಕಾಗದದಲ್ಲಿ ಹೊರತಂದ ನಮ್ಮೂರಿನ ಪ್ರಕೃತಿ ವಿಕೋಪಗಳ ಇತಿಹಾಸವನ್ನು ಓದಿ ನಾವು ಧನ್ಯರಾದೆವು. ತಾವು ಬಂದ ಮೇಲೆ ಇಲ್ಲಿ ಜೋರು ಮಳೆಯಾಗಿಲ್ಲ, ತಾವು ಬರುವುದಕ್ಕೆ ಮುಂಚಿನ ಮಳೆ, ಗಾಳಿ, ಬರ ಯಾವುದನ್ನೂ ಯಾರೂ ಅಳೆದಿಲ್ಲ, ಆದ್ದರಿಂದ ಅವೂ ಆಗಿಲ್ಲ ಎಂದು ಅದರಲ್ಲಿ ಬರೆದಿದೆ. ಉಳಿದ ಪುಟಗಳ ತುಂಬ ತಮ್ಮ ಭಾವಚಿತ್ರಗಳಿವೆ, ಚೆನ್ನಾಗಿ ಬಂದಿವೆ.

ಆದರೆ ಇದರಿಂದ ನಮ್ಮ ಬೀದಿಯಲ್ಲಿ ಸಣ್ಣದೊಂದು ತೊಡಕಾಗಿದೆ. ನಮ್ಮಲ್ಲಿ ಇಸವಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹುಟ್ಟು, ಮದುವೆ, ಜಗಳ, ಎಲ್ಲವೂ ಗಾಳಿ ಮಳೆಗಳ ಲೆಕ್ಕದಲ್ಲೇ ನಡೆಯುತ್ತವೆ. ಆಲಿಕಲ್ಲು ಬಿದ್ದ ಮಧ್ಯಾಹ್ನ ಹುಟ್ಟಿದ ಭಾವನವರ ಮಗಳು, ಈಗ ಶಾಲೆಯ ಟೀಚರಾಗಿದ್ದರೂ ನಮಗೆಲ್ಲ ಇನ್ನೂ 'ಆಲಿಕಲ್ಲು'. ಸುಂಟರಗಾಳಿಗೆ ಮನೆಯ ಮಾಡು ಹಾರಿಹೋಗಿ ಪಕ್ಕದ ಮನೆಯ ಮೇಲೆ ಕೂತಿದ್ದರಿಂದ, ಅದು ಯಾರದೆಂದು ಇಂದಿಗೂ ವಾದಿಸುತ್ತಿರುವ ಚಿಕ್ಕಮಾವನವರಿಗೆ 'ಹಾರುಮನೆ' ಎಂದೇ ಹೆಸರು. ಕ್ಷೌರಿಕರು 'ತೇಲುಕುರ್ಚಿ', ನೆರೆ ನುಗ್ಗಿದಾಗ ಅವರ ಮರದ ಕುರ್ಚಿ, ಅರ್ಧ ಗಡ್ಡ ತೆಗೆಸಿಕೊಂಡಿದ್ದ ಗಿರಾಕಿಯ ಸಮೇತ ಬೀದಿಯ ತುದಿಯವರೆಗೆ ತೇಲಿತ್ತು. ತಮ್ಮ ಇತಿಹಾಸದ ಪ್ರಕಾರ ಆ ಗಿರಾಕಿ ಯಾವ ಕಾರಣವೂ ಇಲ್ಲದೆ ಅರ್ಧ ಗಡ್ಡದಲ್ಲಿ ಮನೆಗೆ ಹೋದಂತಾಯಿತು. ನಮ್ಮ ಅತ್ತೆಯವರ ಮದುವೆ ದೊಡ್ಡ ಬಿರುಗಾಳಿಯ ವರ್ಷ, ನನ್ನ ಯಜಮಾನರು ಹುಟ್ಟಿದ್ದು ಬಾವಿಗಳು ಬತ್ತಿದ ವರ್ಷ. ಬಿರುಗಾಳಿ ಬಂದೇ ಇಲ್ಲವೆಂದರೆ ಮದುವೆ ಆಗಿಲ್ಲ, ಬಾವಿ ಬತ್ತಿಯೇ ಇಲ್ಲವೆಂದರೆ ಯಜಮಾನರು ಹುಟ್ಟಿಲ್ಲ. ಹಾಗಾದರೆ ದಿನವೂ ಹೊತ್ತಿಗೆ ಸರಿಯಾಗಿ ಊಟ ಎಲ್ಲಿ ಎಂದು ಕೇಳುವವರು ಯಾರು ಎಂಬುದನ್ನು ತಾವೇ ತಿಳಿಸಬೇಕು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ತಮ್ಮ ಸೊನ್ನೆಗಳನ್ನು ನಂಬಿ, ನೆರೆಯೇ ಬಾರದ ಬೀದಿಗೆ ಎಚ್ಚರಿಕೆಯ ಸೈರನ್ ದಂಡ ಎಂದು ತೀರ್ಮಾನಿಸಿ, ಬೀದಿಯ ಬಾಯಲ್ಲಿರುವ ಸೈರನ್ನನ್ನು ಬರುವ ಸೋಮವಾರ ಕಳಚಿಕೊಂಡು ಹೋಗುವುದಾಗಿ ಕಚೇರಿಯವರು ನೋಟಿಸು ಅಂಟಿಸಿದ್ದಾರೆ. ಮೇಲಿನ ಕಾಲುವೆ ತುಂಬಿದಾಗ ಅಲ್ಲಿನ ಕಾವಲುಗಾರ ಗುಂಡಿ ಒತ್ತಿದರೆ ಇಲ್ಲಿ ಅದು ಕೂಗುತ್ತದೆ. ಅದು ಕೂಗಿದ ಮೇಲೆ ನೀರು ನಮ್ಮ ಹೊಸ್ತಿಲು ದಾಟುವುದರೊಳಗೆ, ಕಾಲಿನಲ್ಲಿ ಶಕ್ತಿಯಿಲ್ಲದ ಅತ್ತೆಯವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ಯಜಮಾನರು ಇನ್ನೊಂದು ಕಡೆ ಕ್ಷೌರಿಕರು ಹಿಡಿದು ಮಹಡಿಗೆ ಏರಿಸುತ್ತಾರೆ. ಹೋದ ಸಲ ಕೊನೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ಅವರ ಮಂಚ ಆಗಲೇ ನೀರಿನಲ್ಲಿ ಅಲುಗಾಡುತ್ತಿತ್ತು. ಸೈರನ್ ಇಲ್ಲದಿದ್ದರೆ ಅವರು ಆ ಮಂಚದ ಮೇಲೇ ಇರುತ್ತಿದ್ದರು. ನನಗೆ ಭಯವಾಗುತ್ತಿದೆ, ಇದೊಂದು ಮಾತನ್ನು ಯಾವ ಉಪಚಾರವೂ ಇಲ್ಲದೆ ಹೇಳುತ್ತಿದ್ದೇನೆ.

ಅಧಿಕಾರಿಗಳನ್ನೇ ಹೋಗಿ ಕಂಡೆ. ಹೊರಗೆ ಧೋ ಎಂದು ಸುರಿಯುತ್ತಿದ್ದ ಮಳೆಯನ್ನು ತೋರಿಸಿದೆ. ಅವರು ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ, "ಅದನ್ನ ಯಂತ್ರ ಹೇಳ್ಬೇಕಮ್ಮಾ, ನಾವು ನೀವು ಹೇಳಿದ್ರೆ ಆಗುತ್ತಾ?" ಎಂದರು.

ಆದಕಾರಣ ತಮ್ಮಲ್ಲೇ ಅರಿಕೆ. ದಯಮಾಡಿ ಅರ್ಧ ದಿನ ರಜೆ ಹಾಕಿ ಚಾವಣಿಯಿಂದ ಆಚೆ ಬಂದು ಒಮ್ಮೆ ತೊಯ್ಯಿರಿ. ನೆಗಡಿಯ ಭಯವಿದ್ದರೆ ತಮ್ಮ ಅಳತೆಗೆ ಒಂದು ರೇನ್‌ಕೋಟು ನಾನೇ ಹೊಲಿದು ಕೊಡುತ್ತೇನೆ, ಆದರೆ ಬಾಯಿ ಮಾತ್ರ ತೆರೆದಿರಲಿ. ಅದೂ ಆಗದಿದ್ದರೆ ಮಳೆಗೆ ಹೇಳಿ, ಮೇಲಿನಿಂದ ಬೀಳುವ ಹಳೆಯ ಪದ್ಧತಿಯನ್ನು ಬಿಟ್ಟು ಪರದೆ ಸರಿಸಿ, ಕೆಮ್ಮಿ, ಒಳಗೆ ಬರಲು ಕಲಿಸಿ. ಇದ್ಯಾವುದೂ ಸಾಧ್ಯವಾಗದಿದ್ದರೆ ನಮ್ಮ ಮನೆಗೇ ಬಂದುಬಿಡಿ. ಅತ್ತೆಯವರ ಮಂಚದ ಪಕ್ಕದಲ್ಲಿ ಜಾಗವಿದೆ, ತಗಡು ಮಾತ್ರ ತರಬೇಡಿ.

ಮೊಣಕಾಲಿನವರೆಗೆ ತೊಯ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತಗ್ಗಿನ ಬೀದಿಯ ದರ್ಜಿ

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಸೋಮವಾರ ಬಂದುಬಿಟ್ಟಿತು. ಅಧಿಕಾರಿಗಳು ಸುರಿಯುವ ಮಳೆಯಲ್ಲಿ ಖುದ್ದಾಗಿ ನಿಂತು ಸೈರನ್ ಇಳಿಸಿ ಜೀಪಿಗೆ ಹಾಕಿಸಿದರು, ಅಷ್ಟರಲ್ಲಿ ಕಾಲುವೆ ಉಕ್ಕಿತು. ಕೂಗಬೇಕಾದದ್ದು ಜೀಪಿನಲ್ಲಿ ಮಲಗಿತ್ತು. ಪುಣ್ಯಕ್ಕೆ ಹಗಲಾದ್ದರಿಂದ ಕ್ಷೌರಿಕರು ನೀರು ಕಂಡು ಬಕೆಟ್ಟು ಬಡಿಯುತ್ತಾ ಓಡಿಬಂದರು. ಅತ್ತೆಯವರನ್ನು ಮಹಡಿಗೆ ಮುಟ್ಟಿಸಿದ ಕುರ್ಚಿಯನ್ನೇ ಮತ್ತೆ ಕೆಳಗಿಳಿಸಿ ಅಧಿಕಾರಿಗಳನ್ನೂ ಹೊತ್ತು ತರಬೇಕಾಯಿತು. ಜೀಪು ಸೈರನ್ನಿನ ಸಮೇತ ಮುಳುಗಿತು. ಆ ದಿನವೂ ತಾವು ಸೊನ್ನೆಯನ್ನೇ ತೋರಿಸಿದಿರಂತೆ. ಮಳೆಯೇ ಇಲ್ಲದ ದಿನ ಜೀಪು ಮುಳುಗಿದ್ದು ಹೇಗೆಂದು ಮೇಲಿನವರು ಅಧಿಕಾರಿಗಳನ್ನು ಕೇಳುತ್ತಿದ್ದಾರಂತೆ. ಮಳೆ ಬಂದಿತ್ತೆಂದು ಸಾಕ್ಷಿ ಹೇಳಿ ಎಂದು ಅಧಿಕಾರಿಗಳು ನಮ್ಮ ಮನೆಗೆ ಅಲೆಯುತ್ತಿದ್ದಾರೆ. ಬಿರುಗಾಳಿಯಿಂದ ಹಿಡಿದು ಬತ್ತಿದ ಬಾವಿಯವರೆಗೆ ಎಲ್ಲವನ್ನೂ ನೆನಪಿಟ್ಟಿರುವ ಅತ್ತೆಯವರು ಅವರನ್ನು ಮಂಚದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಸೈರನ್ ಮತ್ತೆ ಕಂಬ ಏರಿ ಯಂತ್ರದ ಮೇಲಿನ ತಗಡು ಕೆಳಗಿಳಿಯುವವರೆಗೂ ಆ ಸೋಮವಾರ ಮಳೆ ಬಂದದ್ದು ತನಗೆ ಚೂರೂ ನೆನಪಾಗುತ್ತಿಲ್ಲ ಎಂದು ಹೇಳಿ ಕಳಿಸಿದ್ದಾರೆ.